ಗುಳಿಗೆಯ ರಾಶಿ

ನನ್ನ ಗಂಡ ಮೌಲಾಲಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಆಳಂದದ ಜನ ನಗುತ್ತಾರೆ. ಮೂಗಿನವರೆಗೆ ಹೋಗಲು ಅದಕ್ಕೆ ಪುರುಸೊತ್ತೆಲ್ಲಿತ್ತು, ಸೀದಾ ಕೈಗೇ ಬರುತ್ತಿತ್ತು ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇವರ ಟೇಲರ್ ಅಂಗಡಿ. ಇವರು ಹೊಲಿದ ಅಂಗಿಯ ಕಾಲರಿನಲ್ಲಿ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ. ಹುಡುಕಿದವರ ಕಡೆಗೆ ಟೇಪು, ಸೀಮೆಸುಣ್ಣ, ಕೆಲವೊಮ್ಮೆ ಅದೇ ಅಂಗಿ ಹಾರಿ ಬರುತ್ತಿತ್ತು. ಆದರೂ ಗಿರಾಕಿಗಳು ಬೈದುಕೊಳ್ಳುತ್ತಲೇ ಮತ್ತೆ ಬರುತ್ತಿದ್ದರು.

ಹಾಗಂತ ನಾನೇನು ಬೆಣ್ಣೆಯಲ್ಲ. ನನ್ನ ಹೆಸರು ಶಮ್ಸುನ್ನಿಸಾ. ಉರ್ದು ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರ್. ಮನೆಯಲ್ಲಿ ನಮ್ಮ ಮಾತು ಉರ್ದು, ಜಗಳ ಮಾತ್ರ ಕನ್ನಡ. ಕನ್ನಡದಲ್ಲಾದರೆ ನಾನು ಗೆಲ್ಲುತ್ತೇನೆ, ಅದಕ್ಕೆ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು, ಇಬ್ಬರಿಗೂ ಅಂಥ ತಕರಾರೇನೂ ಇರಲಿಲ್ಲ.

ಕಳೆದ ಮೇ ತಿಂಗಳ ಕೊನೆಗೆ, ಶಾಲೆಯ ಯೂನಿಫಾರ್ಮುಗಳ ಗಡಿಬಿಡಿಯಲ್ಲಿ, ಒಬ್ಬ ತಂದೆ ಬಂದು ಮಗನ ಚಡ್ಡಿ ಸೊಂಟಕ್ಕೆ ಬಿಗಿಯಾಗಿದೆ, ಅಳತೆ ತಪ್ಪಿದ್ದೀರಿ ಎಂದನಂತೆ. ಅಳತೆ ತಪ್ಪಿಲ್ಲ, ರಜೆಯಲ್ಲಿ ನಿನ್ನ ಮಗ ಉಬ್ಬಿದ್ದಾನೆ ಎಂದರಂತೆ ಇವರು. ಮಾತಿಗೆ ಮಾತು ಬೆಳೆದು ಇವರು ಕೌಂಟರಿನ ಮೇಲೆ ಬಲಗೈ ಬಡಿದರು. ಕೌಂಟರಿನ ಮೇಲ್ಭಾಗ ಗಾಜಿನದು. ಸುದ್ದಿ ತಿಳಿದು ನಾನು ಓಡಿಹೋದಾಗ, ಜಗಳ ತೆಗೆದ ಆ ತಂದೆಯೇ ಯೂನಿಫಾರ್ಮಿನ ನೀಲಿ ಬಟ್ಟೆಯನ್ನು ಇವರ ಮಣಿಕಟ್ಟಿಗೆ ಸುತ್ತಿ, ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ. ನೀಲಿ ಬಟ್ಟೆ ಪೂರ್ತಿ ಕಪ್ಪಾಗಿತ್ತು.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಂಗೈಗೆ ಹೋಗುವ ದೊಡ್ಡ ನರವೇ ತುಂಡಾಗಿದೆ, ಹೊಲಿಯಬೇಕು ಎಂದಾಗ ಇವರು ಯಾವ ನಂಬರಿನ ದಾರ ಹಾಕುತ್ತೀರಿ ಎಂದು ಕೇಳಿದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶವೇ ಹೋಗಿತ್ತು. ಸೂಜಿ ಹಿಡಿಯುವುದು ಆ ಮೂರರಿಂದಲೇ. ಟೇಲರನ ಉಳಿದ ಬೆರಳುಗಳನ್ನು ಯಾರು ಕೇಳುತ್ತಾರೆ?

ಆ ಡಾಕ್ಟರ ಹೆಸರು ಮಂಜರಿ. ನನ್ನ ತವರು ಅಫಜಲಪುರ, ಅವರದೂ ಅದೇ ಊರು. ಅಷ್ಟು ಸಾಕಾಯಿತು, ನಾನು ಅವರನ್ನು ಮೊದಲ ದಿನವೇ ನಮ್ಮ ಮನೆಯ ಮಗಳೆಂದು ಲೆಕ್ಕಕ್ಕೆ ಹಿಡಿದೆ. ಅವರು ಕೂತು ನಿಧಾನವಾಗಿ ತಿಳಿಸಿ ಹೇಳಿದರು. ಹೊಲಿದ ಮಾತ್ರಕ್ಕೆ ನರ ಕೂಡುವುದಿಲ್ಲ. ಗಾಯದಿಂದ ಬೆರಳಿನ ಕಡೆಗಿರುವ ತುಂಡು ಮೊದಲು ಒಣಗಿ, ಮುರಿದು, ಪುಡಿಯಾಗುತ್ತದೆ. ಆಮೇಲೆ ಮೊಳಕೈ ಕಡೆಯಿಂದ ಹೊಸ ಎಳೆ ಆ ಖಾಲಿ ದಾರಿಯಲ್ಲಿ ಮೆಲ್ಲಗೆ ಬೆಳೆದುಕೊಂಡು ಬರಬೇಕು, ತಿಂಗಳಿಗೆ ಸುಮಾರು ಒಂದು ಇಂಚು. ಇಂಚು ಎಂದದ್ದೇ ತಡ, ಇವರು ಎಡಗೈಯಿಂದ ಜೇಬಿನ ಟೇಪು ತೆಗೆದು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅಳೆಯಲು ನನಗೆ ಹೇಳಿದರು. ಏಳು ಇಂಚು ಇತ್ತು. ಅಂದರೆ ಚಳಿಗಾಲಕ್ಕೆ ಡೆಲಿವರಿ ಎಂದರು.

ಬಂದರೆ ಚಳಿಗಾಲಕ್ಕೆ, ಎಂದರು ಡಾಕ್ಟರ್ ಮಂಜರಿ. ಎಷ್ಟೋ ಜನರಿಗೆ ಪೂರ್ತಿ ಬರುವುದೇ ಇಲ್ಲ. ಆಮೇಲೆ ಅವರು ತಮ್ಮ ಸಂಶೋಧನೆಯ ಮಾತು ತೆಗೆದರು. ಬಿ.ಪಿ.ಗೆ, ಎದೆಬಡಿತಕ್ಕೆ ಕೊಡುವ ಹಳೆಯದೊಂದು ಗುಳಿಗೆ ಇದೆ, ಬೀಟಾ ಬ್ಲಾಕರ್ ಜಾತಿಯದು. ಗಾಯವಾದ ನರ ಹಾಳಾಗುವುದನ್ನು ಅದು ತಡೆದು, ಹೊಸ ಎಳೆಗೆ ದಾರಿ ಉಳಿಸೀತೇ ಎಂದು ಇಲಿಗಳಲ್ಲಿ ನೋಡಿದ್ದಾರಂತೆ. ಮನುಷ್ಯರಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಈ ಪ್ರಯೋಗ. ಸೇರಿದವರಲ್ಲಿ ಅರ್ಧ ಜನರಿಗೆ ಆ ಗುಳಿಗೆ, ಅರ್ಧ ಜನರಿಗೆ ಅದೇ ಬಣ್ಣದ, ಅದೇ ಆಕಾರದ, ಒಳಗೆ ಔಷಧವಿಲ್ಲದ ಖಾಲಿ ಗುಳಿಗೆ. ಯಾವ ಸೀಸೆಯಲ್ಲಿ ಯಾವುದು ಎಂಬುದು ದೂರದ ಊರಿನ ಕಂಪ್ಯೂಟರಿನಲ್ಲಿದೆ, ತನಗೂ ಗೊತ್ತಿಲ್ಲ ಎಂದರು.

“ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ ಅಂದ್ರ ಇದು ದವಾ ಏನ್ರಿ, ದುವಾ ಏನ್ರಿ?” ಎಂದು ಕೇಳಿದರು ಇವರು.

ಔಷಧವೋ ಪ್ರಾರ್ಥನೆಯೋ ಎಂಬ ಆ ಪ್ರಶ್ನೆಯನ್ನು ಡಾಕ್ಟರು ಪಕ್ಕಕ್ಕಿಟ್ಟರು. ಮಾಡಬೇಕಾದ್ದು, ಮಾಡಬಾರದ್ದು ಹೇಳಿದರು. ದಿನಾ ತಪ್ಪದೆ ನುಂಗಬೇಕು, ತಲೆ ತಿರುಗಿದರೆ ತಿಳಿಸಬೇಕು, ಬೇರೆಯವರ ಜೊತೆ ಗುಳಿಗೆ ಬದಲಿಸಬಾರದು. ಇವರು ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದರು.

ಪಕ್ಕದ ಮಂಚದಲ್ಲಿ ಮಾಳಿಂಗ ಇದ್ದ. ಯಡ್ರಾಮಿ ಕಡೆಯ ಕುರಿಗಾರ, ಮೂವತ್ತರ ಆಸುಪಾಸು. ಮರಿಗಳಿಗೆಂದು ಜಾಲಿ ಕಡಿಯುವಾಗ ಕೊಡಲಿ ಜಾರಿ ಅವನ ಮಣಿಕಟ್ಟು ಇದೇ ಜಾಗದಲ್ಲಿ ಹೋಗಿತ್ತು. ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಅವನದು ಎತ್ತಿದ ಕೈಯಂತೆ. ಕತ್ತರಿಯವರು ಕತ್ತರಿಯವರು ಸೇರಿದರು. ಮಾಳಿಂಗನೂ ಅದೇ ಪ್ರಯೋಗಕ್ಕೆ ಸೇರಿದ, ಅವನಿಗೂ ಒಂದು ಸೀಸೆ ಸಿಕ್ಕಿತು. ಗಟ್ಟಿಯಾಗಿ ಮಾತಾಡಿದರೆ ಎಲ್ಲಿ ಯಾರಿಗೆ ನೋವಾಗುತ್ತದೋ ಎನ್ನುವಂಥ ಮನುಷ್ಯ. ಇಂಥವನ ಜೊತೆ ನನ್ನ ಗಂಡನಿಗೆ ಹೇಗೆ ಹೊಂದಿತು ಎಂದು ನನಗೆ ಆಶ್ಚರ್ಯ.

ಮನೆಗೆ ಬಂದ ಮೇಲೆ ಆಶ್ಚರ್ಯ ಪಡಲು ಬೇರೆ ಸಂಗತಿಗಳು ಶುರುವಾದವು. ಅಂಗಡಿಯ ಕೌಂಟರಿಗೆ ಗಾಜಿನ ಬದಲು ಪ್ಲೈವುಡ್ ಹಾಕಿಸಿದೆವು. ಹೊಲಿಗೆಯೆಲ್ಲ ಪಕ್ಕದ ಅಂಗಡಿಯ ಯಾಕೂಬಸಾಬರ ಮಷಿನಿಗೆ ಹೋಯಿತು. ಒಂದು ದಿನ ಯಾಕೂಬಸಾಬರು ಯಾರದೋ ಮದುವೆಯ ಶೇರವಾನಿಯ ತೋಳನ್ನು ಎಡಬಲ ಮಾಡಿ ಹೊಲಿದುಬಿಟ್ಟರು. ನಾನು ಅಲ್ಲೇ ಇದ್ದೆ. ಮಧ್ಯ ನುಗ್ಗಿ ಜಗಳ ಬಿಡಿಸಲು ಸೆರಗು ಸಿಕ್ಕಿಸಿಕೊಂಡು ನಿಂತೆ. ಇವರು ಶೇರವಾನಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇರಲಿ, ಬಿಚ್ಚಿ ಹೊಲಿಯಿರಿ ಎಂದರು. ಯಾಕೂಬಸಾಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಾಲು ಉಕ್ಕಿದರೆ ಮಾತಿಲ್ಲ. ಕರೆಂಟು ಹೋದರೆ ಮಾತಿಲ್ಲ. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ, ನೀನು ಊಟ ಮಾಡಿದೆಯಾ ಎಂದು ಕೇಳಿದರು. ಇಪ್ಪತ್ತು ವರ್ಷದಲ್ಲಿ ಕೇಳದ ಪ್ರಶ್ನೆ. ನನಗೆ ಊಟ ಮಾಡಿದ್ದೆನೋ ಇಲ್ಲವೋ ಎಂಬುದೇ ಮರೆತುಹೋಯಿತು.

ಡಾಕ್ಟರ್ ಮಂಜರಿಗೆ ಫೋನು ಮಾಡಿ ಕೇಳಿದೆ, ಆ ಗುಳಿಗೆ ಸಿಟ್ಟನ್ನೂ ಇಳಿಸುತ್ತದೆಯೇ ಎಂದು. ಅದು ಎದೆಯ ಬಡಿತ ಇಳಿಸುತ್ತದೆ, ಎದೆ ಹೊಡೆದುಕೊಳ್ಳದಿದ್ದರೆ ಕೆಲವರಿಗೆ ಅಂಜಿಕೆ, ಸಿಟ್ಟು ಅಷ್ಟಾಗಿ ಏರದೆ ಇರಬಹುದು, ಆದರೆ ಇದರಿಂದ ಏನೂ ಊಹಿಸಬೇಡಿ ಎಂದರು. ಹಸಿದವರ ಮುಂದೆ ತಟ್ಟೆಯಿಟ್ಟು ತಿನ್ನಬೇಡಿ ಎಂದಂತಾಯಿತು. ನಾನು ಊಹಿಸಿದೆ. ಸಿಟ್ಟು ಇಳಿದಿದೆ, ಅಂದರೆ ಗುಳಿಗೆ ಅಸಲಿ. ಗುಳಿಗೆ ಅಸಲಿ, ಅಂದರೆ ಬೆರಳು ಬರುತ್ತವೆ. ಅಂದಿನಿಂದ ಇವರು ಸಿಟ್ಟಾಗದ ಒಂದೊಂದು ಸಲವೂ ನಾನು ಒಳಗೊಳಗೇ ಶುಕ್ರಿಯಾ ಹೇಳಿದೆ.

ಇನ್ನೊಂದು ಮಾತೂ ಇತ್ತು. ಈ ಹೊಸ ಮನುಷ್ಯ ನನಗೆ ಹಿಡಿಸಿದ್ದ. ಹಿಡಿಸಿದ್ದಕ್ಕೇ ನಾಚಿಕೆಯಾಗುತ್ತಿತ್ತು. ಸೀಸೆಯಿಂದ ಬಂದ ಪ್ರೀತಿ ಸೀಸೆ ಮುಗಿದರೆ ಮುಗಿಯುತ್ತದಲ್ಲ ಎಂದು ಒಳಗೆ ಕುಟುಕುತ್ತಿತ್ತು. ಊಟ ಮಾಡಿದೆಯಾ ಎಂದು ಕೇಳಿದ್ದು ನನ್ನ ಗಂಡನೋ, ಎದೆಬಡಿತದ ಗುಳಿಗೆಯೋ? ಯಾರಿಗೆ ಉತ್ತರ ಕೊಡಬೇಕು ಎಂದು ತಿಳಿಯದೆ ಒಮ್ಮೊಮ್ಮೆ ಸುಮ್ಮನೆ ಗದರಿಬಿಡುತ್ತಿದ್ದೆ.

ಭಾದ್ರಪದದ ಹೊತ್ತಿಗೆ ಹೆಸರು, ಉದ್ದು ಕಿತ್ತು ಮುಗಿದವು. ಜೋಳ ಬಿತ್ತುವ ಮೊದಲು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಸುವುದು ನಮ್ಮ ಕಡೆಯ ರೂಢಿ. ಮಾಳಿಂಗನ ಸೋದರಮಾವನ ಕುರಿಹಿಂಡು ಹಾಗೆಯೇ ಅಲೆಯುತ್ತ ಆಳಂದದ ಹತ್ತಿರದ ನಿಂಬರ್ಗಾಕ್ಕೆ ಬಂದು ಅಲ್ಲಿನ ರೈತ ಬಸವಂತರಾಯರ ಹೊಲದಲ್ಲಿ ಇಳಿಯಿತು. ಕುರಿ ಕಾಯಲು ಒಂದು ಕೈ ಸಾಕೆಂದು ಮಾಳಿಂಗನೂ ಜೊತೆಗೆ ಬಂದಿದ್ದ. ಇವರು ಶುಕ್ರವಾರದ ನಮಾಜು ಮುಗಿಸಿ ನಿಂಬರ್ಗಾದ ಬಸ್ಸು ಹತ್ತುವುದು ರೂಢಿಯಾಯಿತು. ಸಂಜೆ ಮೈಯೆಲ್ಲ ಕುರಿ ವಾಸನೆ ಹೊತ್ತು ಬರುತ್ತಿದ್ದರು. ಮದುವೆಗೆ ಮೊದಲು ನಮ್ಮ ಮನೆಗೂ ಇಷ್ಟು ಸಲ ಬಂದಿರಲಿಲ್ಲ ನೀವು ಎಂದು ನಾನು ಕಾಲೆಳೆದೆ. ನಕ್ಕರು, ಅಷ್ಟೆ.

ಒಂದು ಬೆಳಿಗ್ಗೆ ಇವರಿಗೆ ಗುಳಿಗೆ ಕೊಡಲು ಸೀಸೆ ಬಗ್ಗಿಸಿದೆ. ಗುಳಿಗೆಯ ಜೊತೆ ಅಂಗೈಗೆ ಕರಿಯ ಉಣ್ಣೆಯ ಎಳೆಯೊಂದು ಬಂತು. ಬೆರಳಿನಷ್ಟು ಉದ್ದ, ಜಿಡ್ಡು ಜಿಡ್ಡು. ದಿನಾ ನಾನೇ ಮುಚ್ಚಳ ಬಿಗಿಯುವ ಸೀಸೆಯೊಳಗೆ ಕುರಿ ಹೇಗೆ ಹೋಯಿತು? ಎಳೆಯನ್ನು ಇವರ ಮುಖದ ಮುಂದೆ ಹಿಡಿದು ಕೇಳಿದೆ. ಇವರು ಮುಚ್ಚಿಡಲಿಲ್ಲ. ಚಹಾ ಕುಡಿಯುತ್ತ, ನಿನ್ನೆಯ ಸಂತೆಯ ವಿಷಯ ಹೇಳುವವರ ಹಾಗೆ ಎಲ್ಲ ಹೇಳಿದರು.

ಆದದ್ದು ಇಷ್ಟು. ಇವರಿಗೆ ತಮ್ಮ ಗುಳಿಗೆಯೇ ಅಸಲಿ ಎಂಬ ನಂಬಿಕೆ, ರಕ್ತ ಕುದಿಯುವುದು ನಿಂತಿತ್ತಲ್ಲ. ಅದಕ್ಕೆ ಮಾಳಿಂಗನ ಮೇಲೆ ಮರುಕ, ಪಾಪ, ಖಾಲಿ ಗುಳಿಗೆ ನುಂಗುತ್ತಿದ್ದಾನೆ ಎಂದು. ಆ ಮಾಳಿಂಗನಿಗೋ ಕೈಕಾಲು ಐಸಿನ ಹಾಗೆ ತಣ್ಣಗಾಗುತ್ತಿದ್ದವು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಹಾಗಾಗಿ ಅಸಲಿ ತನ್ನದೇ ಎಂದು ಅವನಿಗೂ ಖಾತ್ರಿ, ಅವನಿಗೆ ಇವರ ಮೇಲೆ ಮರುಕ. ನನ್ನದರಲ್ಲಿ ಅರ್ಧ ತಗೋ ಎಂದು ಇವರು, ಇಲ್ಲಣ್ಣ ನೀನೇ ನನ್ನದರಲ್ಲಿ ತಗೋ ಎಂದು ಅವನು. ಇಬ್ಬರೂ ದಾನಿಗಳೇ, ಕೈಯೊಡ್ಡುವವನು ಒಬ್ಬನೂ ಇಲ್ಲ. ಅದೇ ಹೊತ್ತಿಗೆ ಬಸವಂತರಾಯರ ಕಣದಲ್ಲಿ ಹೆಸರುಕಾಳಿನ ರಾಶಿ, ಅಂದರೆ ಒಕ್ಕಣೆ, ನಡೆದಿತ್ತಂತೆ. ಕೂಡಿ ಬೇಸಾಯ ಮಾಡಿದ ಇಬ್ಬರು, ಒಬ್ಬನ ಹೊಲ ಫಲವತ್ತಾದ ಎರೆ, ಇನ್ನೊಬ್ಬನದು ಕಲ್ಲುಮಿಶ್ರಿತ ಮರಡಿ. ಹಾಗಿದ್ದಾಗ ಯಾರ ಹೊಲದಲ್ಲಿ ಎಷ್ಟು ಬೆಳೆಯಿತು ಎಂದು ಯಾರೂ ಕೇಳುವುದಿಲ್ಲ. ಎರಡೂ ರಾಶಿ ಕೂಡಿಸಿ, ಕಲಸಿ, ಸಮ ಪಾಲು ಮಾಡುತ್ತಾರೆ. ಅದನ್ನು ನೋಡಿ ಈ ಇಬ್ಬರು ಬುದ್ಧಿವಂತರು ಮಾಳಿಂಗನ ಕಂಬಳಿ ಹಾಸಿ, ಎರಡೂ ಸೀಸೆ ಸುರುವಿ, ಕಲಸಿ, ಸೀಸೆಯ ಮುಚ್ಚಳದಿಂದ ಅಳೆದು ಪಾಲು ಮಾಡಿಕೊಂಡಿದ್ದರು.

ನನ್ನ ಸಿಟ್ಟು ನೆತ್ತಿಗೇರಿತು. ಡಾಕ್ಟರ್ ಮಂಜರಿ ಬಿಡಿಸಿ ಬಿಡಿಸಿ ಹೇಳಿದ್ದು ನೆನಪಿಲ್ಲವೇ, ಇದೇನು ನಿಮ್ಮಪ್ಪನ ಹೊಲದ ಹೆಸರುಕಾಳೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎಲ್ಲ ಕನ್ನಡದಲ್ಲಿ. ಇವರು ತಿರುಗಿ ಒಂದು ಮಾತೂ ಬೈಯಲಿಲ್ಲ. ಗೋಡೆಗೆ ಬೈದ ಹಾಗಾಗಿ ನನಗೇ ಸುಸ್ತಾಯಿತು.

“ಅವನ ಕೈಯಾಗಿಂದೂ ಕತ್ತರಿ ಹೋಗೇದ, ನನ್ನ ಕೈಯಾಗಿಂದೂ ಕತ್ತರಿ ಹೋಗೇದ,” ಎಂದರು ಕೊನೆಗೆ. “ಒಬ್ಬಗ ಕಾಳು, ಒಬ್ಬಗ ಹೊಟ್ಟು ಹ್ಯಾಂಗ ಆಗ್ಬೇಕು ಹೇಳು.”

ಮಾತು ನ್ಯಾಯವಾಗಿ ಕಂಡದ್ದಕ್ಕೇ ನನಗೆ ಸಿಟ್ಟು ಇನ್ನಷ್ಟು ಬಂತು. ಅಸಲಿ ಗುಳಿಗೆ ನಮ್ಮದೇ ಆಗಿದ್ದರೆ, ಅದರಲ್ಲಿ ಅರ್ಧವನ್ನು ಇವರು ಕುರಿಗಾರನ ಕಂಬಳಿಯ ಮೇಲೆ ಸುರುವಿ ಬಂದಿದ್ದರು. ಸೂಜಿ ಹಿಡಿಯುವ ಮೂರು ಬೆರಳಲ್ಲಿ ಒಂದೂವರೆಯನ್ನು ದಾನ ಮಾಡಿ ಬಂದ ಹಾಗೆ ಕಂಡಿತು ನನಗೆ.

ಅಕ್ಟೋಬರಿನಲ್ಲಿ ತಪಾಸಣೆಗೆ ಮೂವರೂ ಹೋದೆವು. ಡಾಕ್ಟರ್ ಮಂಜರಿ ಮಣಿಕಟ್ಟಿನಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಎಲ್ಲಿ ತಟ್ಟಿದಾಗ ಝುಂ ಎನ್ನುತ್ತದೋ ಅಲ್ಲಿಯವರೆಗೆ ಹೊಸ ಎಳೆ ಬಂದಿದೆ ಎಂದು ಅರ್ಥ. ಮಾಳಿಂಗನಿಗೆ ಅದು ಬೆರಳುಗಳ ಬುಡ ದಾಟಿ ಮೇಲೆ ಬಂದಿತ್ತು. ಇವರಿಗೆ ಅಂಗೈಯ ನಡುವೆ ನಿಂತಿತ್ತು, ಹಿಂದಿನ ಸಲ ಇದ್ದಲ್ಲೇ. ಮಾಳಿಂಗ ತನ್ನ ಕೈ ನೋಡಿಕೊಂಡು ಖುಷಿಪಡಲೂ ಅಂಜಿದ. ನನ್ನ ಹೊಟ್ಟೆ ಉರಿದುಹೋಯಿತು. ಅವನು ಒಳ್ಳೆಯವನು ಎಂಬುದು ಗೊತ್ತಿದ್ದೂ ಉರಿಯಿತು, ಅದೇ ಕೆಟ್ಟದ್ದು.

ವಾಪಸು ಬರುವ ಬಸ್ಸಿನಲ್ಲಿ, ನಿಮ್ಮ ಕಾಳು ತಿಂದು ಅವನ ಕೈ ಚಿಗುರಿತು ಎಂದುಬಿಟ್ಟೆ. ಇವರು ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತರು. ಆಳಂದ ಇನ್ನೇನು ಬಂತು ಎನ್ನುವಾಗ ಬಾಯಿಬಿಟ್ಟರು.

“ಡಾಕ್ಟರಿಗೆ ಹೇಳ್ಬೇಕು. ನಾವು ಕಲಸಿದ್ದು ಗೊತ್ತಿಲ್ದ ಅವರು ಲೆಕ್ಕ ಹಾಕಿದ್ರ, ನಾಳೆ ಇನ್ಯಾರದೋ ಕೈಗೆ ಸುಳ್ಳು ದವಾ ಹೋಗ್ತದ.”

ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಇನ್ನಾರದೋ ಕೈ ಇರಲಿಲ್ಲ. ಹೇಳಿದರೆ ಡಾಕ್ಟರು ಗುಟ್ಟು ಬಿಚ್ಚುತ್ತಾರೆ, ಅಸಲಿ ಯಾರದಿತ್ತು ಎಂದು ಗೊತ್ತಾಗುತ್ತದೆ, ನನಗೆ ಬೇಕಾದದ್ದು ಅಷ್ಟೆ.

ಮರುವಾರ ಮತ್ತೆ ಹೋದೆವು. ಮಾಳಿಂಗನೂ ಬಂದ. ಇವರು ಎಲ್ಲ ಹೇಳಿದರು, ಕಂಬಳಿ, ಮುಚ್ಚಳ, ರಾಶಿ ಒಂದನ್ನೂ ಬಿಡದೆ. ಡಾಕ್ಟರ್ ಮಂಜರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತುಂಬ ಹೊತ್ತು ಕಣ್ಣು ಒತ್ತಿಕೊಂಡರು. ವರ್ಷಗಟ್ಟಲೆ ಇಲಿಗಳ ಜೊತೆ ಕೆಲಸ ಮಾಡಿದ್ದೇನೆ, ಒಂದು ಇಲಿಯೂ ಇನ್ನೊಂದಕ್ಕೆ ಗುಳಿಗೆ ಹಂಚಿರಲಿಲ್ಲ ಎಂದರು. ಬೈದರೋ ಹೊಗಳಿದರೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಬೇಕು, ಇಬ್ಬರ ಹೆಸರೂ ಪ್ರಯೋಗದಿಂದ ಹೊರಗೆ ಬರುತ್ತದೆ, ಕೈಯ ಚಿಕಿತ್ಸೆ ಮಾತ್ರ ಮುಂದುವರಿಯುತ್ತದೆ ಎಂದರು. ಗುಟ್ಟು ಬಿಚ್ಚಲು ಮೇಲಿನ ಸಮಿತಿಯನ್ನು ಕೇಳಬೇಕಿತ್ತು.

ದೀಪಾವಳಿ ಕಳೆದ ಮೇಲೆ ಒಪ್ಪಿಗೆ ಬಂದು ನಮ್ಮನ್ನು ಕರೆಸಿದರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕೇಳಿದರೆ ಮಾತ್ರ ಹೇಳುತ್ತೇನೆ, ಕೇಳದಿದ್ದರೆ ಇಲ್ಲ ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಅಸಲಿ, ಒಂದು ಖಾಲಿ ಎಂದೇ ನೀವು ಹಿಡಿದಿದ್ದೀರಿ, ಎರಡೂ ಅಸಲಿ ಇರಬಹುದು, ಎರಡೂ ಖಾಲಿ ಇರಬಹುದು ಎಂದರು. ನನ್ನ ತಲೆಯೊಳಗೆ ಅಷ್ಟು ದಿನ ಜೋಡಿಸಿಟ್ಟುಕೊಂಡಿದ್ದೆಲ್ಲ ಕಲಸಿಹೋಯಿತು.

ಮಾಳಿಂಗ ಇವರ ಮುಖ ನೋಡಿದ. ಇವರು ಬೇಡವೆಂದು ತಲೆಯಾಡಿಸಿದರು.

“ನನಗ ಬ್ಯಾಡ್ರಿ,” ಎಂದರು. “ಗೊತ್ತಾದ್ರ ನಮ್ಮೊಳಗ ಒಬ್ಬ ಕೊಟ್ಟವ ಆಗ್ತಾನ, ಒಬ್ಬ ಇಸಗೊಂಡವ ಆಗ್ತಾನ. ಈಗ ಇಬ್ಬರೂ ಕೊಟ್ಟವರೇ ಇದ್ದೇವಿ.”

“ನನಗೂ ಬ್ಯಾಡ್ರಿ ಅಕ್ಕಾರ,” ಎಂದ ಮಾಳಿಂಗ.

ನನಗೆ ಹೇಳಿ ಎಂದೆ ನಾನು. ತವರಿನ ಹೆಸರು ಹೇಳಿ, ಅಫಜಲಪುರದ ಮಗಳಲ್ಲವೇ ನೀನು ಎಂದು ಕೈಹಿಡಿದು ಕೇಳಿದೆ. ಪೇಷಂಟು ಬೇಡವೆಂದರೆ ಹೆಂಡತಿಗೂ ಹೇಳುವ ಹಾಗಿಲ್ಲ ಎಂದರು. ಗುಟ್ಟು ಅಲ್ಲೇ ಕಂಪ್ಯೂಟರಿನಲ್ಲಿ, ನನ್ನಿಂದ ಒಂದು ಮೇಜಿನ ದೂರದಲ್ಲಿತ್ತು. ಇಬ್ಬರೂ ಎದ್ದು, ಒಳ್ಳೆಯ ಕೆಲಸ ಮುಗಿಸಿದವರ ಹಾಗೆ, ಕ್ಯಾಂಟೀನಿಗೆ ಚಹಾ ಕುಡಿಯಲು ಹೋದರು.

ಅವರಿಗೆ ನೆಮ್ಮದಿ, ನನಗೆ ನಿದ್ದೆಯಿಲ್ಲ. ಗುಳಿಗೆ ನಿಂತ ಮೇಲೆ ಕೆಲವು ದಿನಗಳಲ್ಲಿ ಅದರ ಅಂಶ ಮೈಯಿಂದ ಹೊರಟುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸರಿ, ಕಂಪ್ಯೂಟರು ಹೇಳದಿದ್ದರೇನು, ಇವರ ಸಿಟ್ಟೇ ಹೇಳುತ್ತದೆ ಎಂದುಕೊಂಡೆ. ಸಿಟ್ಟು ವಾಪಸು ಬಂದರೆ ಅದನ್ನು ತಡೆದಿದ್ದು ಗುಳಿಗೆ, ಅಂದರೆ ಅಸಲಿ ನಮ್ಮ ಪಾಲಿಗೂ ಬಂದಿತ್ತು. ಬೆರಳಿಗೆ ಇನ್ನೂ ಆಸೆ ಇದೆ. ಬರದಿದ್ದರೆ? ಅದನ್ನು ಮುಂದೆ ಯೋಚಿಸಲಿಲ್ಲ.

ಪರೀಕ್ಷೆ ಶುರು ಮಾಡಿದೆ. ಚಹಾಕ್ಕೆ ಉಪ್ಪು ಹಾಕಿದೆ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ನಿನಗೆ ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಈದಿಗೆ ಹೊಲಿದಿದ್ದ ಬಿಳಿ ಕುರ್ತಾದ ಮೇಲೆ ಇಸ್ತ್ರಿ ಮರೆತಿಟ್ಟು ಕಂದು ಕಲೆ ಮಾಡಿದೆ. ಮನೆಯಲ್ಲಿ ತೊಟ್ಟರಾಯಿತು ಎಂದರು. ಇವರ ತಂದೆಯ ಕಾಲದ ದೊಡ್ಡ ಕತ್ತರಿಯನ್ನು ಯಾಕೂಬಸಾಬರಿಗೆ ಕೊಟ್ಟುಬಿಟ್ಟೆ ಎಂದು ಸುಳ್ಳು ಹೇಳಿದೆ. ಅವರ ಕೈಯಲ್ಲಾದರೂ ಆಡಲಿ ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅತ್ತದ್ದು ಇವರ ಒಳ್ಳೆಯತನಕ್ಕೋ, ಬಾರದ ಸಿಟ್ಟಿಗೋ ನನಗೇ ಗೊತ್ತಾಗಲಿಲ್ಲ.

ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಸಿಟ್ಟು ಬಂದಿಲ್ಲ, ಅಂದರೆ ಸಮಾಧಾನ ಇವರದ್ದೇ, ಗುಳಿಗೆ ಖಾಲಿ. ಖಾಲಿಯಾದರೆ ಮಾಳಿಂಗನ ಕೈ ಯಾವುದರಿಂದ ಬಂತು? ಅವನದು ಅಸಲಿಯಾಗಿದ್ದರೆ ಅವನೇ ನಮಗೆ ಅರ್ಧ ಕೊಟ್ಟವನು, ನಾನು ಹೊಟ್ಟೆ ಉರಿಸಿಕೊಂಡದ್ದು ಅಂಥವನ ಮೇಲೆ. ಅಥವಾ ಗುಳಿಗೆಗೂ ಕೈಗೂ ಸಂಬಂಧವೇ ಇಲ್ಲದೆ, ಅವನ ವಯಸ್ಸಿಗೆ ಅವನ ನರ ಬೇಗ ಬೆಳೆಯಿತೋ? ಶಾಲೆಯಲ್ಲಿ ಮಕ್ಕಳಿಗೆ ಒಗಟು ಬಿಡಿಸಲು ಕಲಿಸುವ ನಾನು, ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತು, ಏನು ಬರೆಯಲು ಬಂದೆ ಎಂದು ಮರೆಯತೊಡಗಿದೆ.

ಕೊನೆಗೆ ತಾಳಲಾರದೆ ಒಂದು ದಿನ ಮಾಳಿಂಗನಿಗೆ ಫೋನು ಮಾಡಿದೆ. ಹಿಂಡು ಆಗಲೇ ಜೇವರ್ಗಿ ದಾಟಿ ಯಡ್ರಾಮಿಯ ಕಡೆಗೆ ವಾಪಸು ಹೋಗಿತ್ತು. ನಿನ್ನ ಸೀಸೆಯಲ್ಲಿ ಏನಿತ್ತು ಎಂದು ಡಾಕ್ಟರನ್ನು ಕೇಳಿ ನನಗೊಬ್ಬಳಿಗೆ ಹೇಳು, ನಿನ್ನ ಅಣ್ಣನಿಗೆ ಗೊತ್ತಾಗುವುದು ಬೇಡ ಎಂದೆ. ಆ ಕಡೆ ಕುರಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, ಅಣ್ಣನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದ. ಇಂಥ ಸಾಧು ಮನುಷ್ಯನ ಕೈಗೆ ಗುಟ್ಟು ಕೊಟ್ಟೆನಲ್ಲ ಎಂದು ಹಣೆ ಬಡಿದುಕೊಂಡೆ.

ಮರುದಿನ ಬೆಳಿಗ್ಗೆ, ಶಾಲೆಗೆ ಹೋಗುವ ದಾರಿಯಲ್ಲಿ, ಇವರ ಬುತ್ತಿ ಕೊಡಲು ಅಂಗಡಿಗೆ ಹೋದೆ. ಪುಷ್ಯದ ಚಳಿ. ಶಾಲು ಹೊದ್ದರೂ ಮೈ ನಡುಗುತ್ತಿತ್ತು. ಹಿಂದಿನ ವಾರವೇ ಪ್ಲೈವುಡ್ ಕಿತ್ತು ಕೌಂಟರಿಗೆ ಹೊಸ ಗಾಜು ಹಾಕಿಸಿದ್ದೆ. ಕೈ ಬರುತ್ತದೆ ಎಂಬ ನಂಬಿಕೆಯಿಂದ ಹಾಕಿಸಿದ್ದಲ್ಲ, ಬರಲಿ ಎಂಬ ಹಟದಿಂದ. ಇವರು ಆಗಷ್ಟೇ ಷಟರ್ ಎತ್ತಿ ಕೌಂಟರಿನ ಹಿಂದೆ ನಿಂತಿದ್ದರು. ಫೋನು ಎಡಗೈಯಲ್ಲೇ ಇತ್ತು. ಮುಖ ಎತ್ತಿ ನನ್ನನ್ನು ನೋಡಿದರು. ಆ ಮುಖ ನನಗೆ ಗೊತ್ತು, ಇಪ್ಪತ್ತು ವರ್ಷ ನೋಡಿದ್ದೆ.

“ಮಾಳಿಂಗ್ಯಾಗ ಫೋನ್ ಮಾಡಿದ್ದಿ ಏನ್ ಬೇ?” ಎಂದರು.

ನಾನು ಬುತ್ತಿ ಮುಂದೆ ಚಾಚಿದೆ, ಇವರು ತೆಗೆದುಕೊಳ್ಳಲಿಲ್ಲ.

“ಅವ ನನ್ನ ತಮ್ಮ ಇದ್ದಂಗ. ಅವನ ಬಾಯಿಲೇ ‘ನನ್ನ ಸೀಸ್ಯಾಗ ಇದ್ದದ್ದು ಹೊಟ್ಟು’ ಅಂತ ಅನಿಸಾಕ ಹೋಗಿದ್ದಿ ಏನ್? ಅವ ರಾತ್ರಿ ಅತ್ತು ಫೋನ್ ಮಾಡ್ಯಾನ. ನಿನ್ನ ಲೆಕ್ಕದ ಮನಿ ಹಾಳಾಗ್ಲಿ.”

ಪಕ್ಕದಲ್ಲಿ ಯಾಕೂಬಸಾಬರ ಮಷಿನು ನಿಂತಿತು. ಇಡೀ ಸಾಲಿಗೆ ಕೇಳುವ ಹಾಗೆ ಕೂಗುತ್ತಿದ್ದರು, ಹಣೆಯ ನರ ಉಬ್ಬಿತ್ತು. ಹೇಳಲು ನಾಚಿಕೆ, ಆ ಗಳಿಗೆಯಲ್ಲೂ ನನ್ನ ತಲೆ ಲೆಕ್ಕ ಹಾಕುತ್ತಲೇ ಇತ್ತು. ಸಿಟ್ಟು ಬಂತು, ಅಂದರೆ ಗುಳಿಗೆ ಅಸಲಿ, ಅಂದರೆ… ಅಷ್ಟರಲ್ಲಿ ಇವರ ಬಲಗೈ ಮೇಲೆದ್ದಿತು. ಮೇ ತಿಂಗಳಲ್ಲಿ ಎದ್ದ ಹಾಗೆಯೇ, ಹೆಗಲಿನ ಎತ್ತರಕ್ಕೆ. ಕೆಳಗೆ ಹೊಸ ಗಾಜು. ಬುತ್ತಿಯನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದೆ. ಲೆಕ್ಕ ಅಲ್ಲಿಗೆ ನಿಂತುಹೋಯಿತು. ಆ ಕೈಯೊಂದು ಉಳಿಯಲಿ, ಕಾಳೋ ಹೊಟ್ಟೋ ನನಗೇನೂ ಬೇಡ ಎಂದುಕೊಂಡೆ.

ಗಾಜು ಒಡೆದ ಸದ್ದು ಬರಲಿಲ್ಲ. ಕಣ್ಣು ತೆರೆದೆ. ಕೈ ಗಾಳಿಯಲ್ಲೇ ನಿಂತಿತ್ತು. ಇವರು ಅದನ್ನೇ ನೋಡುತ್ತಿದ್ದರು. ಸಿಟ್ಟು ಮುಖದಲ್ಲಿ ಹಾಗೇ ಇತ್ತು, ಒಂದು ಚೂರೂ ಇಳಿದಿರಲಿಲ್ಲ. ಅಷ್ಟು ಸಿಟ್ಟಿನಲ್ಲೇ ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಳಿಸಿ, ಅಂಗೈ ಬಿಚ್ಚಿ ಗಾಜಿನ ಮೇಲೆ ಇಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಬಸ್ಸಿನ ಕಂಡಕ್ಟರು ಅಫಜಲಪುರ ಅಫಜಲಪುರ ಎಂದು ಕೂಗುತ್ತಿದ್ದ.

ಇವರ ಮುಖ ಬದಲಾಯಿತು. ತಲೆ ಬಗ್ಗಿಸಿ ಕೈಯ ಹತ್ತಿರಕ್ಕೆ ಹೋದರು. ಸ್ಪರ್ಶ ಹೋಗಿದ್ದ ಹೆಬ್ಬೆರಳನ್ನು ಸ್ವಲ್ಪ ಸರಿಸಿದರು. ತೋರುಬೆರಳನ್ನು ಎತ್ತಿ ಮತ್ತೆ ಇಟ್ಟರು.

“ತಣ್ಣಗದ,” ಎಂದರು.

ಏನು ಎಂದು ಕೇಳಿದೆ.

“ಗಾಜು,” ಎಂದರು. “ಗಾಜು ತಣ್ಣಗದ.”

ಬುತ್ತಿಯನ್ನು ಕೆಳಗಿಟ್ಟೆ. ಇವರ ಕೈಯ ಪಕ್ಕದಲ್ಲಿ ನನ್ನ ಕೈಯನ್ನೂ ಇಟ್ಟು ನೋಡಿದೆ. ಹೌದು, ತಣ್ಣಗಿತ್ತು.